ಸಾಷ್ಟಾಂಗ ಬಿದ್ದ ಮಂಟಪ

ಗಣಪ ಇನ್ನೂ ಪೀಠಕ್ಕೆ ಬಂದಿರಲಿಲ್ಲ. ಮಂಟಪ ಆಗಲೇ ಸಾಷ್ಟಾಂಗ ಬಿದ್ದಿತ್ತು.

ರಾತ್ರಿ ಹನ್ನೊಂದೂವರೆವರೆಗೆ ಕೂತು ಅಂಟಿಸಿದ್ದೆ. ಚಾರ್ಟ್ ಪೇಪರಿನ ನಾಲ್ಕು ಕಂಬ, ಮೇಲೊಂದು ಕಮಾನು, ಕೆಂಪು ಕ್ರೇಪ್ ಪೇಪರಿನ ಜಾಲರಿ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಕಂಬಗಳಿಗೆಲ್ಲ ಸೊಂಟ ಹಿಡಿದಿದೆ. ಜಾಲರಿಯ ಬಣ್ಣ ಇಳಿದು, ಬಿಳಿ ಕಂಬದ ಮೇಲೆ ಯಾರೋ ಎಲೆಅಡಿಕೆ ಉಗಿದ ಹಾಗಿದೆ. ಹಿಂದಿನ ದಿನವೇ ಬಂದು ಕೂತಿದ್ದ ಗೌರಿ ಒಬ್ಬಳೇ ಎಲ್ಲ ನೋಡಿದವಳು. ಅವಳು ಬಾಯಿ ಬಿಡಲಿಲ್ಲ.

ಮಡಿಕೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್‌ನಿಂದ ಉಪ್ಪು ನೀರಾಗಿದೆ. ಬೆಂಕಿಕಡ್ಡಿ ಗೀರಿದರೆ ತಲೆ ಮಾತ್ರ ಕಳಚುತ್ತದೆ. ಕಾಗದ ಅಂದರೆ ನಾರು ತಾನೆ, ಗಾಳಿಯಲ್ಲಿರುವ ಥಂಡಿಯನ್ನೆಲ್ಲ ಕುಡಿದು ಜೋಲುತ್ತದೆ. ಇಷ್ಟೆಲ್ಲ ಗೊತ್ತಿದ್ದೂ, ಥರ್ಮಕೋಲ್ ಬೇಡ, ಕಾಗದದಲ್ಲೇ ಮಾಡೋಣ ಅಂದವಳು ನಾನೇ. ವಿಡಿಯೋದಲ್ಲಿ ಆಯಮ್ಮ ನಗುನಗುತ್ತಾ ‘ಐದು ನಿಮಿಷ ಒಣಗಲು ಬಿಡಿ’ ಅಂದಳು. ಬಳ್ಳಾರಿಯವಳಿರಬೇಕು. ನಮ್ಮಲ್ಲಿ ಐದು ದಿನದ ಹಿಂದೆ ಒಗೆದ ಮಗಳ ಸಾಕ್ಸ್ ಇನ್ನೂ ಬಚ್ಚಲೊಲೆ ಮೇಲೆ ತೂಗಾಡುತ್ತಿದೆ.

ಮೈದಾ ಅಂಟಿಗೆ ಮಾವ ಮೈಲುತುತ್ತು ಬೇರೆ ಹಾಕಿಸಿದ್ದರು. ಕಾಫಿ ತೋಟಕ್ಕೆ ಬೋರ್ಡೋ ಔಷಧಿ ಹೊಡೆದು ಉಳಿದದ್ದು. ‘ಬೂಷ್ಟು ಹಿಡಿಯೋದಿಲ್ಲಮ್ಮ’ ಅಂದರು. ನಿಜ, ಬೂಷ್ಟು ಹಿಡಿಯಲಿಲ್ಲ. ಹಿಡಿಯುವಷ್ಟು ಹೊತ್ತು ಮಂಟಪ ನಿಲ್ಲಲೇ ಇಲ್ಲವಲ್ಲ!

ಪೂಜೆಗೆ ಎರಡು ಗಂಟೆ ಬಾಕಿ. ದಪ್ಪ ಕಾಗದ ಬೇಕು. ಆಗ ನೆನಪಾಯಿತು, ಮಾವನ ಟ್ರಂಕು.

ಮಾವ ಮೂವತ್ತು ವರ್ಷದಿಂದ ಮದುವೆ ಕಾರ್ಡುಗಳನ್ನು ಕೂಡಿಟ್ಟಿದ್ದಾರೆ. ಯಾಕೆ ಅಂದರೆ ‘ಮಕ್ಕಳಿಗೆ ಕ್ರಾಫ್ಟಿಗೆ ಬೇಕಾಗುತ್ತೆ’. ಇಷ್ಟು ವರ್ಷದಲ್ಲಿ ಒಂದನ್ನೂ ಕತ್ತರಿಸಲು ಬಿಟ್ಟವರಲ್ಲ. ನಾನು ಒಂದು ತೆಗೆದೆ, ಬಂಗಾರದ ಬಣ್ಣದ್ದು.

‘ಅದು ಬೇಡಮ್ಮ. ವಿರಾಜಪೇಟೆಯವರದ್ದು. ಊಟ ಬಹಳ ಚೆನ್ನಾಗಿತ್ತು.’

ಇನ್ನೊಂದು ತೆಗೆದೆ.

‘ಇವರ ಮದುವೆಗೆ ಹೋಗಲಿಕ್ಕೇ ಆಗಲಿಲ್ಲ. ಕತ್ತರಿಸಿದರೆ ಅವಮಾನ ಮಾಡಿದ ಹಾಗೆ.’

ಮೂರನೆಯದು ಡೈವೋರ್ಸ್ ಆದವರದ್ದು. ಇದಾದರೂ ಸಿಗುತ್ತೆ ಅಂದುಕೊಂಡೆ. ‘ಪಾಪ, ಅವರ ಹತ್ತಿರವೂ ಈಗ ಇದು ಇರಲಿಕ್ಕಿಲ್ಲ’ ಅಂತ ಕೈಯಿಂದ ಕಸಿದುಕೊಂಡರು. ಒಂದೊಂದು ಕಾರ್ಡಿಗೂ ಕನ್ನಡಕ ಹಾಕಿ, ‘ಸುಖಾಗಮನ ಬಯಸುವ’ವರ ಪಟ್ಟಿಯವರೆಗೂ ಓದುವುದು. ನಾನು ಕತ್ತರಿ ಹಿಡಿದು ಕ್ಷೌರಿಕನ ಹಾಗೆ ನಿಂತಿದ್ದೆ. ಅಷ್ಟರಲ್ಲಿ ಕಡುಬು ತಳ ಹಿಡಿದ ವಾಸನೆ.

ಒಂದು ಕಾರ್ಡಿಗೆ ಮಾತ್ರ ಮಾವ ಏನೂ ಹೇಳಲಿಲ್ಲ. ಜೋಡುಪಾಲ ಕಡೆಯದ್ದು, 2018ರ ಆಗಸ್ಟ್ ಕೊನೆಯ ಮುಹೂರ್ತ. ಆ ತಿಂಗಳ ನಡುವಿನಲ್ಲೇ ಗುಡ್ಡ ಜರಿದು, ಸಂಪಾಜೆ ರಸ್ತೆಯೇ ಮುಚ್ಚಿಹೋಗಿತ್ತು. ಆ ಮದುವೆ ಆಮೇಲೆ ಎಲ್ಲೋ ದೇವಸ್ಥಾನದಲ್ಲಿ ಆಯಿತಂತೆ, ಕಾರ್ಡಿಲ್ಲದೆ. ಮಾವ ಅದನ್ನು ಟವೆಲಿನಲ್ಲಿ ಒರೆಸಿ ಟ್ರಂಕಿನ ತಳದಲ್ಲಿಟ್ಟರು. ನಾನೂ ಕತ್ತರಿ ಕೆಳಗಿಟ್ಟೆ.

ಸ್ವಲ್ಪ ಹೊತ್ತು ಬಿಟ್ಟು ಅವರೇ ಒಂದು ಕಟ್ಟು ತಂದು ಮುಂದಿಟ್ಟರು. ‘ಇದು ಜಾಸ್ತಿ ಉಳಿದುಬಿಟ್ಟಿದೆ. ಬೇಕಾದಷ್ಟು ಕತ್ತರಿಸು.’

ನೋಡಿದರೆ ನಮ್ಮದೇ ಮದುವೆಯ ಕಾರ್ಡು.

ಒಳ್ಳೆ ದಪ್ಪ ಕಾಗದ ಅನ್ನಿ, ಮಂಟಪ ಈಗ ನೆಟ್ಟಗೆ ನಿಂತಿದೆ. ಎಡಗಂಬದಲ್ಲಿ ನಾನು ಅರ್ಧ ‘ಚಿ. ಸೌ.’, ಬಲಗಂಬದಲ್ಲಿ ನಮ್ಮವರು ತಲೆಕೆಳಗು. ಕಮಾನಿಗೆ ಅವಸರದಲ್ಲಿ ಯಾವ ಪಟ್ಟಿ ಅಂಟಿಸಿದೆ ಅಂತ ನೋಡಿರಲಿಲ್ಲ. ಮಂಗಳಾರತಿ ಹೊತ್ತಿಗೆ ಪಕ್ಕದ ಮನೆ ಆಂಟಿ ಗಟ್ಟಿಯಾಗಿ ಓದಿದರು. ಇಪ್ಪತ್ತೊಂದು ಕಡುಬಿನ ತಟ್ಟೆ ಮುಂದಿಟ್ಟುಕೊಂಡ ಗಣಪನ ನೆತ್ತಿಯ ಮೇಲೆ, ಬಂಗಾರದ ಅಕ್ಷರದಲ್ಲಿ: ‘ಉಡುಗೊರೆ ಸ್ವೀಕರಿಸುವುದಿಲ್ಲ’.