ಹದಿಹರೆಯದ ಕಿರೀಟ: ಮುಂದಿನ ಬದುಕಿಗೆ ಆಸರೆಯೋ, ಹೊರೆಯೋ?

ಪರ

ಅಮೆರಿಕದ ಹದಿಹರೆಯದ ಹುಡುಗಿಯರ ಸೌಂದರ್ಯ ಸ್ಪರ್ಧೆ ಮಿಸ್ ಟೀನ್ ಯುಎಸ್ಎ ಹುಟ್ಟಿದ್ದು 1983ರಲ್ಲಿ. ಎರಡು ವರ್ಷ ಕಳೆಯುವಷ್ಟರಲ್ಲಿ ಹವಾಯಿಯ ಹೊನೊಲುಲುವಿನ ಹದಿನಾರರ ಹುಡುಗಿ ಕೆಲಿ ಹು ಗೆದ್ದರು. ಏಷ್ಯಾ ಮೂಲದವರೊಬ್ಬರ ತಲೆಗೆ ಆ ಕಿರೀಟ ಏರಿದ್ದು ಅದೇ ಮೊದಲು. ಆ ಮುಖಚಹರೆಯವರಿಗೆ ಅಮೆರಿಕದ ಟಿವಿಯಲ್ಲಿ ಆಗ ಪಾತ್ರಗಳೇ ಅಪರೂಪ. ಗೆಲುವಿನ ಬೆನ್ನಿಗೆ ಜಪಾನ್, ಇಟಲಿಗಳಲ್ಲಿ ಮಾಡೆಲಿಂಗ್ ಸಿಕ್ಕಿತು, 1987ರಲ್ಲಿ ‘ಗ್ರೋಯಿಂಗ್ ಪೇನ್ಸ್’ ಧಾರಾವಾಹಿಯಲ್ಲಿ ಸಣ್ಣ ಪಾತ್ರ. 2002ರಲ್ಲಿ ‘ದ ಸ್ಕಾರ್ಪಿಯನ್ ಕಿಂಗ್’ ಚಿತ್ರದಲ್ಲಿ ಡ್ವೇನ್ ಜಾನ್ಸನ್‌ಗೆ ನಾಯಕಿ. ಮರುವರ್ಷ ‘ಎಕ್ಸ್2’ನಲ್ಲಿ ಬೆರಳ ತುದಿಯಿಂದ ಲೋಹದ ಉಗುರು ಚಾಚುವ ಖಳನಾಯಕಿ.

ಪಾತ್ರಗಳನ್ನು ಕಿರೀಟವೇ ಕೊಡಿಸಿತು ಅಂತ ನಾನು ವಾದಿಸುತ್ತಿಲ್ಲ. ಆದರೆ ಸಾಗರದ ನಡುವಿನ ದ್ವೀಪದ ಹುಡುಗಿಯನ್ನು ಒಂದೇ ರಾತ್ರಿಯಲ್ಲಿ ಇಡೀ ದೇಶದ ಕಣ್ಣಿಗೆ ಬೀಳಿಸುವ ಬೇರೆ ವೇದಿಕೆ ಆಗ ಯಾವುದಿತ್ತು?

ಇನ್ನೊಬ್ಬರು 2013ರ ವಿಜೇತೆ, ಕ್ಯಾಲಿಫೋರ್ನಿಯಾದ ಕ್ಯಾಸಿಡಿ ವುಲ್ಫ್. ಗೆಲ್ಲುವ ಮೊದಲೇ ಒಬ್ಬ ಅವರ ಕಂಪ್ಯೂಟರಿನ ಕ್ಯಾಮೆರಾಕ್ಕೆ ಕನ್ನ ಹಾಕಿ, ಕೋಣೆಯೊಳಗಿನ ಚಿತ್ರಗಳನ್ನು ಕದ್ದು ಬೆದರಿಸಿದ್ದ. ಅವರು ಮಣಿಯದೆ ದೂರು ಕೊಟ್ಟರು. ಸಿಕ್ಕಿಬಿದ್ದವನು ಅವರದೇ ಹೈಸ್ಕೂಲಿನಲ್ಲಿ ಓದಿದವನು! 2014ರಲ್ಲಿ ಅವನಿಗೆ 18 ತಿಂಗಳ ಜೈಲಾಯಿತು. ಅವನ ಬಲೆಗೆ ಬಿದ್ದ ಹುಡುಗಿಯರು ಇನ್ನೂ ಅನೇಕರಿದ್ದರು. ಜನರ ಕಿವಿಗೆ ಬಿದ್ದದ್ದು ವುಲ್ಫ್ ದನಿ, ತಲೆ ಮೇಲೆ ಕಿರೀಟವಿತ್ತಲ್ಲ, ಅದಕ್ಕೆ.

ವಿರೋಧ

ಕೆಲಿ ಹು ಹೆಸರು ಹೇಳುವವರು ಇಸವಿಗಳನ್ನೂ ಲೆಕ್ಕ ಹಾಕಲಿ. ಕಿರೀಟ 1985ರದ್ದು, ನಾಯಕಿಯ ಪಾತ್ರ 2002ರದ್ದು. ನಡುವೆ 1993ರಲ್ಲಿ ಅವರು ಮಿಸ್ ಹವಾಯಿ ಯುಎಸ್ಎ ಆಗಿ ಮತ್ತೊಮ್ಮೆ ಸ್ಪರ್ಧೆಯ ವೇದಿಕೆ ಹತ್ತಿದರು. ಮೊದಲ ಕಿರೀಟವೇ ಅಷ್ಟು ಗಟ್ಟಿಯಾಗಿದ್ದರೆ ಎರಡನೆಯದರ ದರ್ದು ಏನಿತ್ತು? ದುಡಿದವರು ಅವರು, ಹೆಸರು ಮಾತ್ರ ಕಿರೀಟಕ್ಕೆ.

2007ರ ಸ್ಪರ್ಧೆಯನ್ನೇ ನೋಡಿ. ದಕ್ಷಿಣ ಕೆರೊಲಿನಾದ ಕೇಟ್ಲಿನ್ ಅಪ್ಟನ್‌ಗೆ ಪ್ರಶ್ನೆ ಬಂತು: ಅಮೆರಿಕದ ಐವರಲ್ಲಿ ಒಬ್ಬರಿಗೆ ಭೂಪಟದಲ್ಲಿ ತಮ್ಮ ದೇಶವನ್ನೇ ತೋರಿಸಲು ಬರುವುದಿಲ್ಲ, ಯಾಕೆ? ಹದಿನೆಂಟರ ಹುಡುಗಿ, ಮುಂದೆ ಕ್ಯಾಮೆರಾ, ಕೈಯಲ್ಲಿ ಅರೆನಿಮಿಷ. ನಕ್ಷೆಗಳು, ದಕ್ಷಿಣ ಆಫ್ರಿಕಾ, ಇರಾಕ್ ಎಂದು ಮಾತು ದಿಕ್ಕುತಪ್ಪಿತು. ಮುಗುಳ್ನಗೆ ಮಾತ್ರ ಕದಲಲಿಲ್ಲ. ತರಬೇತಿ ಅಂದರೆ ಅದು! ಆ ತುಣುಕು ಯೂಟ್ಯೂಬಿಗೆ ಹೋಯಿತು, ಜಗತ್ತೆಲ್ಲ ನಕ್ಕಿತು. ತಾನು ಖಿನ್ನತೆಯ ತಳ ಮುಟ್ಟಿ ಬಂದದ್ದನ್ನು ಆಕೆ ಹೇಳಿಕೊಂಡದ್ದು ವರ್ಷಗಳ ನಂತರ. ಅಂದ ಹಾಗೆ, ಆ ವರ್ಷ ಗೆದ್ದದ್ದು ಕೊಲರಾಡೊದ ಹಿಲರಿ ಕ್ರೂಜ್. ಗೆದ್ದವಳ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಹೈಸ್ಕೂಲಿನ ವಯಸ್ಸಿನವರನ್ನು ಈಜುಡುಗೆಯಲ್ಲಿ ನಡೆಸಿ ಅಂಕ ಹಾಕುವ ಸುತ್ತು ಅಲ್ಲಿ 2015ರವರೆಗೂ ಇತ್ತು. ಅದನ್ನು ಬಿಟ್ಟು ಕ್ರೀಡಾ ಉಡುಪಿಗೆ ಬರಲು 2016 ಆಗಬೇಕಾಯಿತು. ಅಷ್ಟು ವರ್ಷ ಯಾರಿಗೂ ಮುಜುಗರವಾಗಲಿಲ್ಲವೇ? ಫ್ರಾನ್ಸಿನ ಸೆನೆಟ್ 2013ರಲ್ಲೇ ಹದಿನಾರರ ಒಳಗಿನವರ ಸೌಂದರ್ಯ ಸ್ಪರ್ಧೆಗಳ ನಿಷೇಧಕ್ಕೆ ಮತ ಹಾಕಿತ್ತು.

ಈಗೀಗ ಗೆದ್ದವರಿಗೇ ಕಿರೀಟ ಭಾರ. 2023ರ ವಿಜೇತೆ, ಭಾರತ ಮತ್ತು ಮೆಕ್ಸಿಕೊ ಮೂಲದ ಉಮಾಸೋಫಿಯಾ ಶ್ರೀವಾಸ್ತವ, 2024ರ ಮೇ ತಿಂಗಳಲ್ಲಿ ಪಟ್ಟ ಬಿಟ್ಟರು. ತನ್ನ ಮೌಲ್ಯಗಳಿಗೂ ಸಂಸ್ಥೆಯ ದಾರಿಗೂ ಇನ್ನು ಪೂರ್ತಿ ಹೊಂದುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಅದಕ್ಕೆ ಎರಡೇ ದಿನ ಮೊದಲು ದೊಡ್ಡವರ ಸ್ಪರ್ಧೆಯ ವಿಜೇತೆ, ಮಿಸ್ ಯುಎಸ್ಎ ನೊಯೆಲಿಯಾ ವೋಯ್ಟ್ ಕೂಡ ಕೆಳಗಿಳಿದಿದ್ದರು. ಶ್ರೀವಾಸ್ತವ ಬಿಟ್ಟ ಕಿರೀಟ ಎರಡನೇ ಸ್ಥಾನದ ಸ್ಟೆಫನಿ ಸ್ಕಿನ್ನರ್ ಬಳಿ ಹೋಯಿತು. ಅವರೂ ಬೇಡ ಅಂದರು.