ಅಡಿಕೆ ಸುಲಿದ ಹುಡುಗ, ಅಡಿಕೆ ಸುಲಿದ ಕತ್ತಿ

"ಕನ್ನಡದಲ್ಲಿ ಇಂಗ್ಲಿಷಿನ ಹೂ (who), ವಿಚ್ (which) ಥರದ್ದು ಇಲ್ಲವೇ ಇಲ್ಲ, ಮತ್ತೆ ನಮ್ಮ ಮಕ್ಕಳಿಗೆ ರಿಲೇಟಿವ್ ಕ್ಲಾಝ್ (ಹೆಸರನ್ನು ವಿವರಿಸುವ ಉಪವಾಕ್ಯ) ತಲೆಗೆ ಹೋಗುದು ಹೇಗೆ?" ಈ ಮಾತು ಕಾಸರಗೋಡಿನ ಕನ್ನಡ ಮೀಡಿಯಂ ಟೀಚರ್‌ಗಳ ಬಾಯಲ್ಲೇ ಕೇಳಿದ್ದೇನೆ, ಕೇಳಿದಾಗಲೆಲ್ಲ ಬೇಜಾರಾಗ್ತದೆ. ನಮ್ಮ ಭಾಷೆಯಲ್ಲಿ ಏನೋ ಕಮ್ಮಿ ಉಂಟು ಹೇಳುವ ಭಾವನೆ ಮಕ್ಕಳಿಗೆ ಅಲ್ಲಿಂದಲೇ ಶುರುವಾಗುದು.

ಎಂತ ಕಮ್ಮಿ? ಅಡಿಕೆ ಸುಲಿದ ಹುಡುಗ, ಅಡಿಕೆ ಸುಲಿದ ಕತ್ತಿ, ಅಡಿಕೆ ಸುಲಿದ ಜಗಲಿ, ಅಡಿಕೆ ಸುಲಿದ ದಿನ, ಅಡಿಕೆ ಸುಲಿದ ಕೂಲಿ. ಇಂಗ್ಲಿಷಿನವರು ಇದಕ್ಕೆ ಹೂ, ವಿತ್ ವಿಚ್, ವೇರ್, ವೆನ್ ಹೇಳಿ ಒಂದೊಂದಕ್ಕೂ ಬೇರೆ ಬೇರೆ ಹುಡುಕ್ಬೇಕು, ಕೂಲಿ ಹಣಕ್ಕಂತೂ ವಾಕ್ಯವನ್ನೇ ತಿರುಗಿಸ್ಬೇಕು, ನಮಗೆ ಒಂದು "ಸುಲಿದ" ಸಾಕು, ಉಳಿದದ್ದು ಕೇಳುವವನಿಗೆ ತನ್ನಿಂದ ತಾನೇ ಗೊತ್ತಾಗ್ತದೆ. ಶಾಲೆಯ ವ್ಯಾಕರಣದಲ್ಲಿ ಕೃದಂತ ಹೇಳಿ ಕಲಿತದ್ದು ಇದನ್ನೇ, ಮಾಡಿದ, ಮಾಡುವ, ಮಾಡದ. ಆ "ಮಾಡದ"ದಲ್ಲಿ ನಿನ್ನೆಯೂ ಇಲ್ಲ ನಾಳೆಯೂ ಇಲ್ಲ, ನನಗೆ ಅದು ಭಾರೀ ಇಷ್ಟ.

ನಾವು ಒಂಟಿಯೂ ಅಲ್ಲ. ಮಲಯಾಳದ "ಇನ್ನಲೆ ವನ್ನ ಕುಟ್ಟಿ" (ನಿನ್ನೆ ಬಂದ ಮಗು), ತುಳುವಿನ "ಕೋಡೆ ಬತ್ತಿನ ಆಣ್" (ನಿನ್ನೆ ಬಂದ ಹುಡುಗ) ಇದೇ ಅಚ್ಚು. ಜಪಾನಿ, ಟರ್ಕಿಯವರೂ ವಿವರಣೆಯನ್ನು ಮುಂದೆ ಇಟ್ಟು ಹೆಸರನ್ನು ಕೊನೆಗೆ ಹೇಳುವವರೇ. ಮರಾಠಿಯಲ್ಲಿ "ಜೋ ಮುಲ್ಗಾ ಕಾಲ್ ಆಲಾ ತೋ" (ಯಾವ ಹುಡುಗ ನಿನ್ನೆ ಬಂದನೋ ಅವ) ಹೇಳಿಯೂ ಹೇಳ್ಬಹುದು, ನಮ್ಮ ಹಾಗೆ "ಕಾಲ್ ಆಲೇಲಾ ಮುಲ್ಗಾ" ಹೇಳಿಯೂ ಹೇಳ್ಬಹುದು.

ಹಾಗಂತ ಕೃದಂತಕ್ಕೆ ಎಲ್ಲವೂ ಆಗ್ತದೆ ಹೇಳಿ ಅಲ್ಲ. "ನಾನು ಪೇಟೆಗೆ ಹೋದ ಗೆಳೆಯ" ಹೇಳಿದ್ರೆ ಯಾರಿಗೂ ಅರ್ಥ ಆಗುದಿಲ್ಲ, ಆ "ಜೊತೆ" ಎಲ್ಲಿ ಹೋಯ್ತು? ಅಲ್ಲಿ "ಯಾರ ಜೊತೆ ಹೋದೆನೋ ಅವ" ಹೇಳ್ಬೇಕು. 1977ರಲ್ಲಿ ಕೀನನ್ ಮತ್ತೆ ಕಾಮ್ರಿ ಹೇಳುವ ಭಾಷಾವಿಜ್ಞಾನಿಗಳು ಸುಮಾರು 50 ಭಾಷೆ ನೋಡಿ, ವಾಕ್ಯದ ಯಾವ ಹೆಸರಿಗೆ ಹೀಗೆ ವಿವರಣೆ ಜೋಡಿಸುದು ಸುಲಭ, ಯಾವುದಕ್ಕೆ ಕಷ್ಟ ಹೇಳುವ ಒಂದು ಏಣಿ ಮಾಡಿದ್ರು, ಕರ್ತೃ ಎಲ್ಲಕ್ಕಿಂತ ಮೇಲೆ, ಆಮೇಲೆ ಕರ್ಮ, ಹೀಗೆ ಇಳಿದು ಕೊನೆಗೆ "ಇವನಿಗಿಂತ" ಹೇಳುವ ಹೋಲಿಕೆ. ಕೆಳಗೆ ಇಳಿದ ಹಾಗೆ ಎಲ್ಲ ಭಾಷೆಗೂ ಕಷ್ಟವೇ, ಮಡಗಾಸ್ಕರಿನ ಮಲಗಾಸಿಯಂತೂ ಕರ್ತೃವಿನಲ್ಲೇ ನಿಲ್ತದೆ.

ನನಗೆ ರೋಮಾಂಚನ ಆದದ್ದು ಕೊಂಕಣಿ ವಿಷಯ ಓದಿ. ಭಾಷಾವಿಜ್ಞಾನಿ ಮಂಗೇಶ ನಾಡಕರ್ಣಿಯವರು 1975ರಲ್ಲಿ "ಲ್ಯಾಂಗ್ವೇಜ್" ಹೇಳುವ ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಬರೆದ ಲೇಖನ ಅದು. ತಲೆಮಾರುಗಳಿಂದ ಕನ್ನಡದ ಜೊತೆ ಬದುಕಿದ ಸಾರಸ್ವತರ ಕೊಂಕಣಿ, ಮರಾಠಿಯ ಹಾಗಿನ ತನ್ನ ಹಳೆ "ಜೋ" ದಾರಿ ಬಿಟ್ಟು, ನಮ್ಮ "ಯಾವ ಮುದುಕ ಪೇಪರ್ ಓದ್ತಾ ಇದ್ದಾನೋ" ಥರವೇ "ಖಂಚೊ" ಹೇಳುವ ಪ್ರಶ್ನೆಯ ಶಬ್ದದಿಂದ ಶುರು ಮಾಡಿ "ಕೀ" ಹೇಳಿ ಮುಗಿಸುವ ವಾಕ್ಯ ಕಟ್ಟಿಕೊಂಡಿದೆ. ಶಬ್ದ ಎಲ್ಲ ಕೊಂಕಣಿಯದ್ದೇ, ಕಟ್ಟಿದ ರೀತಿ ಕನ್ನಡದ್ದು! ಅಕ್ಕಪಕ್ಕದ ಮನೆಯವರು ಮಾತಾಡಿ ಮಾತಾಡಿಯೇ ವ್ಯಾಕರಣ ಬದಲಾಗ್ತದೆ ಮಾರ್ರೆ.

ನಮ್ಮ ಒಂದೊಂದು ಕ್ಲಾಸಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಹವ್ಯಕ, ಕರಾಡಿ ಮನೆಮಾತಿನ ಮಕ್ಕಳು ಒಟ್ಟಿಗೆ ಕೂತಿರ್ತಾರೆ. ಟೀಚರ್‌ಗಳೇ, ಹೂ-ವಿಚ್ ಟೇಬಲ್ ಬೋರ್ಡಲ್ಲಿ ಬರೆಯುವ ಮೊದಲು ಒಂದು ಪೀರಿಯಡ್ ಈ ಮಕ್ಕಳಿಗೆ ಕೊಡಿ, "ನಿನ್ನೆ ಬಂದ ಹುಡುಗ" ಹೇಳುದನ್ನು ಅವರವರ ಮನೆಮಾತಿನಲ್ಲಿ ಹೇಳ್ಲಿ. ಮತ್ತೆ ಇಂಗ್ಲಿಷಿನವರು ಹುಡುಗನನ್ನು ಮೊದಲು ಇಟ್ಟು ಹಿಂದಿನಿಂದ ವಿವರಣೆ ಜೋಡಿಸ್ತಾರೆ ಹೇಳಿ ತೋರಿಸಿ.

ಕರಾಡಿ, ಬ್ಯಾರಿ ಮನೆಮಾತಿನವರು ಇದ್ರೆ "ಅಡಿಕೆ ಸುಲಿದ ಕೂಲಿ" ನಿಮ್ಮಲ್ಲಿ ಹೇಗೆ ಹೇಳುದು ಅಂತ ಕೆಳಗೆ ಬರೀರಿ, ನನಗೆ ನಿಜವಾಗಿ ತಿಳ್ಕೊಳ್ಬೇಕು.