ಒಂದೇ ಬಣ್ಣದ ಮೂರು ಕಾರ್ಡುಗಳು

ನಮ್ಮ ನಾಯಿಗೆ ಭೀಮನೆಂದು ಹೆಸರಿಟ್ಟ ತಪ್ಪು ನನ್ನದೇ. ಗೇಟಿನಾಚೆ ಯಾರ ನೆರಳು ಸುಳಿದರೂ ಬೀದಿ ಅದುರುವಂತೆ ಬೊಗಳುವ ಈ ಮಹಾವೀರ, ವರ್ಷಕ್ಕೊಮ್ಮೆ ಲಸಿಕೆ ಹಾಕಿಸಲು ಕರೆದೊಯ್ದಾಗ ಪಶುವೈದ್ಯರ ಬಾಗಿಲು ಕಂಡೊಡನೆ ನಾಲ್ಕೂ ಕಾಲುಗಳನ್ನು ನೆಲಕ್ಕೂರಿ ಕಲ್ಲಾಗಿಬಿಡುತ್ತಾನೆ. ಈ ಬಾರಿ ಅವನನ್ನು ಎತ್ತಿಕೊಂಡೇ ಒಳಗೆ ಹೋಗಬೇಕಾಯಿತು. ವೈದ್ಯರು ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಹಿಡಿದೆತ್ತಿ ಸೂಜಿ ಚುಚ್ಚಿ ತೆಗೆದದ್ದು ಅವನಿಗೆ ತಿಳಿಯಲೇ ಇಲ್ಲ. ಎಲ್ಲ ಮುಗಿದು ಹತ್ತಿಯಿಂದ ಒರೆಸುವಾಗ ಮಾತ್ರ ಪ್ರಾಣ ಹೋದಂತೆ ಕಿರುಚಿದ.

ಆದರೆ ನನ್ನ ಪಾಡು ಕೆಟ್ಟದ್ದು ಬೆಕ್ಕಿನಿಂದ. ಗುಬ್ಬಿಗೆ ಆಗ ಹದಿನಾಲ್ಕು ವಾರ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮರಿಯ ಮೈಯಲ್ಲಿರುವಷ್ಟು ಕಾಲ ಲಸಿಕೆಗೇ ಅಡ್ಡಬರುವುದರಿಂದ, ಮರಿಗಳಿಗೆ ಒಂದೇ ಸಲಕ್ಕೆ ಮುಗಿಸದೆ ಮೂರು ನಾಲ್ಕು ವಾರಗಳಿಗೊಮ್ಮೆ ಲಸಿಕೆ ಹಾಕಬೇಕಾಗುತ್ತದೆ. ಹೀಗಾಗಿ ಅದು ಅವಳ ಮೂರನೆಯ ಪ್ರಯಾಣ, ರೇಬೀಸ್ ಲಸಿಕೆಯ ದಿನ. ಬುಟ್ಟಿಯೆಂದರೆ ಏನೆಂಬುದು ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ಬುಟ್ಟಿಯನ್ನು ನಾಲ್ಕು ದಿನ ಮೊದಲೇ ಬಾಗಿಲು ತೆರೆದು ಮನೆಯಲ್ಲಿಟ್ಟು ಬೆಕ್ಕಿಗೆ ಅಭ್ಯಾಸ ಮಾಡಿಸಬೇಕೆಂದು ವೈದ್ಯರು ಹೇಳಿದ್ದರು. ನಾನು ಅದನ್ನು ಅಟ್ಟದಿಂದ ಇಳಿಸಿದ್ದು ಹೊರಡುವುದಕ್ಕೆ ಹತ್ತು ನಿಮಿಷ ಮುಂಚೆ. ಗುಬ್ಬಿ ಫ್ರಿಜ್ಜಿನ ಹಿಂದೆ ಸೇರಿದಳು. ಅಲ್ಲಿಂದ ಅವಳನ್ನು ಟವೆಲ್ಲಿನಲ್ಲಿ ಸುತ್ತಿ ತೆಗೆಯುವ ಹೊತ್ತಿಗೆ ಟವೆಲ್ಲಿನೊಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ ಎಂಬುದೇ ಗೊಂದಲವಾಗಿತ್ತು.

ವೈದ್ಯರ ಮೇಜಿನ ಮೇಲೆ, ಸೂಜಿ ಇನ್ನೂ ಬಾಟಲಿಯಲ್ಲಿರುವಾಗಲೇ, ಅವಳು ನನ್ನ ಮುಂಗೈಗೆ ಒಂದು ಉದ್ದನೆಯ ಗೀರು ಎಳೆದಳು. ರಕ್ತ ಬರಲಿಲ್ಲ. ಆದರೂ ವೈದ್ಯರು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ ಎಂದು ನನ್ನನ್ನು ಸಿಂಕಿನ ಬಳಿಗೆ ಕಳಿಸಿ, ಆಮೇಲೆ ಮನುಷ್ಯರ ಆಸ್ಪತ್ರೆಗೆ ಹೋಗಲು ಹೇಳಿದರು.

ಅಲ್ಲಿನ ವೈದ್ಯರು, “ಬೆಕ್ಕಿಗೆ ಲಸಿಕೆ ಆಗಿದೆಯೇ?” ಎಂದು ಕೇಳಿದರು.

“ಆಗಿದೆ” ಎಂದೆ ಹೆಮ್ಮೆಯಿಂದ.

“ಯಾವಾಗ?”

“ಈಗಷ್ಟೇ. ಗೀರಿದ ಐದು ನಿಮಿಷಕ್ಕೆ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಲಸಿಕೆಯ ಬಲ ಮೈಗೂಡಲು ವಾರಗಳೇ ಬೇಕೆಂದೂ, ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳವಾದ್ದರಿಂದ ಇದರಲ್ಲಿ ಜೂಜಾಡಬಾರದೆಂದೂ ತಿಳಿಸಿ, ಅಂದೇ ಒಂದು, ಮೂರನೆಯ ದಿನ ಒಂದು, ಏಳನೆಯ ದಿನ ಒಂದು ಚುಚ್ಚುಮದ್ದು ಬರೆದರು; ಬೆಕ್ಕು ಹತ್ತು ದಿನ ಆರೋಗ್ಯವಾಗಿದ್ದರೆ ಮುಂದಿನದು ಬೇಡವಾಗಬಹುದು ಎಂದರು. 1885ರ ಜುಲೈಯಲ್ಲಿ ಪಾಶ್ಚರ್ ಅವರ ಲಸಿಕೆ ಪಡೆದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಹದಿಮೂರು ಚುಚ್ಚುಮದ್ದು ತೆಗೆದುಕೊಂಡಿದ್ದನೆಂಬುದನ್ನು ನೆನೆದು ಸಮಾಧಾನ ತಂದುಕೊಂಡೆನಾದರೂ, ಸೂಜಿ ಕಂಡಾಗ ನನ್ನ ಕಾಲುಗಳೂ ಭೀಮನ ಕಾಲುಗಳಂತೆಯೇ ನೆಲಕ್ಕೆ ಅಂಟಿದ್ದವು.

ಮುಂದಿನ ಹತ್ತು ದಿನ ನಾನು ಗುಬ್ಬಿಯ ಮೇಲೆ ಕಣ್ಣಿಟ್ಟಿದ್ದೆ. ಒಂದು ದಿನ ಮಂಕಾಗಿ ಮಲಗಿದ್ದು ಲಸಿಕೆಯ ದೆಸೆಯಿಂದಲೇ ಎಂದು ಗೊತ್ತಿದ್ದರೂ ನನಗೆ ನಿದ್ದೆ ಬರಲಿಲ್ಲ. ಎರಡನೆಯ ದಿನ ಅವಳು ಪರದೆ ಹರಿದದ್ದನ್ನು ಕಂಡು ನಾನು ಪಟ್ಟಷ್ಟು ಸಂತೋಷವನ್ನು ಪರದೆ ಹರಿದುದಕ್ಕೆ ಯಾರೂ ಪಟ್ಟಿರಲಾರರು.

ಏಳನೆಯ ದಿನ ಡ್ರಾಯರಿನಲ್ಲಿ ಒಂದೇ ಬಣ್ಣದ ಮೂರು ಲಸಿಕೆ ಕಾರ್ಡುಗಳಿದ್ದವು. ಅವಸರದಲ್ಲಿ ಒಂದನ್ನು ಜೇಬಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋಗಿ ಕೊಟ್ಟೆ. ನರ್ಸ್ ಅದನ್ನು ತೆರೆದು, “ಹೆಣ್ಣು, ಮೈಬಣ್ಣ ಬೂದು, ವಯಸ್ಸು ಹದಿನಾಲ್ಕು ವಾರ” ಎಂದು ಸಾಲಿನಲ್ಲಿ ಕುಳಿತವರಿಗೆಲ್ಲ ಕೇಳುವಂತೆ ಓದಿ, ನನ್ನ ಮೀಸೆಯನ್ನೊಮ್ಮೆ ನೋಡಿ, ಪುಟ ತಿರುಗಿಸಿ, “ಜಂತುಹುಳುವಿನ ಔಷಧಿಯನ್ನು ಮಾತ್ರ ಸಮಯಕ್ಕೆ ಸರಿಯಾಗಿ ತೆಗೆದುಕೊಂಡಿದ್ದೀರಿ, ಸರ್” ಎಂದರು.